ನಾನು ನಡೆಯದ ಮೂವತ್ತೇಳು ಬೆಳಗು

ಲೋಧಿ ಕಾಲೋನಿ, ದೆಹಲಿ
ಶನಿವಾರ, ೧೩ ಡಿಸೆಂಬರ್ ೨೦೨೫

ನನ್ನ ಹಂಸಿ,

ಕ್ಷೇಮವೇ ಅಂತ ಶುರುಮಾಡಲು ಹೋಗಿ ಪೆನ್ನು ನಿಲ್ಲಿಸಿದೆ. ನಿನ್ನ ಕ್ಷೇಮ ನನಗೆ ಗೊತ್ತು. ಗುರುಗ್ರಾಮದ ಆಸ್ಪತ್ರೆಯ ಐದನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ, ಕಣ್ಣು ಹಳದಿಯಾಗಿ ಮಲಗಿದ್ದೀಯ. ಈಗ ನಿನ್ನ ಹತ್ತಿರ ಅಪ್ಪ ಇದ್ದಾರೆ. ನಾನು ಬಟ್ಟೆ ಒಗೆದು ಬರುತ್ತೇನೆ ಅಂತ ಹೇಳಿ ಮನೆಗೆ ಬಂದೆ. ಬಟ್ಟೆ ಬಕೆಟ್ಟಿನಲ್ಲೇ ನೆನೆದಿದೆ. ನಾನು ಊಟದ ಮೇಜಿನ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ.

ದಿನಾ ನೋಡುವ ಮಗಳಿಗೆ ಪತ್ರ ಯಾಕೆ ಅಂತ ಕೇಳುತ್ತೀಯ. ಎದುರು ಕೂತರೆ ನೀನು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿಬಿಡುತ್ತೀಯ, ಇರಲಿ ಅಮ್ಮ ಅನ್ನುತ್ತೀಯ. ಫೋನಿನಲ್ಲಿ ನನಗೆ ಸುಳ್ಳು ಬಹಳ ಸರಾಗ. ಅದಕ್ಕೇ ಕಾಗದ. ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಭಾನುವಾರಗಳಂದು ಅಳಿಸಿ ಅಳಿಸಿ ಕಾಗುಣಿತ ತಿದ್ದಿಸಿದರೂ ಒತ್ತಕ್ಷರ ಬಂದಲ್ಲಿ ನೀನು ಈಗಲೂ ಬೆರಳಿಟ್ಟು ನಿಲ್ಲುತ್ತೀಯ. ನಿಲ್ಲು. ಇದು ಬೇಗ ಓದಿ ಮುಗಿಸುವ ಪತ್ರವಲ್ಲ.

ನಿನ್ನೆ ನನಗೆ ಎರಡನೇ ಸಲ ಎಂ.ಆರ್.ಐ. ಆಯಿತಲ್ಲ, ಅದರ ರಿಪೋರ್ಟು ಸೋಮವಾರ ಸಂಜೆ ಬರುತ್ತದೆ. ಅದಕ್ಕೆ ಮೊದಲೇ ಬರೆದು ಮುಗಿಸಬೇಕು. ರಿಪೋರ್ಟು ಚೆನ್ನಾಗಿ ಬಂದುಬಿಟ್ಟರೆ, ಇನ್ನು ಹೇಳಿ ಏನು ಪ್ರಯೋಜನ ಅಂತ ನಾನು ಬಾಯಿ ಮುಚ್ಚಿಕೊಳ್ಳುವವಳೇ. ನನ್ನನ್ನು ನಾನು ಅಷ್ಟು ಬಲ್ಲೆ.

ಆಗಸ್ಟ್ ಕೊನೆಯ ವಾರದಿಂದ ಹೇಳುತ್ತೇನೆ. ಹತ್ತೊಂಬತ್ತು ತುಂಬಿದಾಗಿನಿಂದ ನಿನ್ನ ಮೈಯೇ ನಿನ್ನ ಲಿವರನ್ನು ಶತ್ರು ಅಂದುಕೊಂಡು ತಿನ್ನುತ್ತಾ ಬಂದಿದೆ. ಆರು ವರ್ಷ ಗಡಿಯಾರ ನೋಡಿ ಮಾತ್ರೆ ನುಂಗಿದೆ. ಅಷ್ಟರಲ್ಲೇ ಎಂ.ಎ. ಮುಗಿಸಿದೆ, ಪಿಎಚ್.ಡಿ. ಸೇರಿದೆ, ಗೆಳತಿಯರು ಕ್ಯಾಂಟೀನಿನಲ್ಲಿ ಛೋಲೆ ತಿನ್ನುವಾಗ ಉಪ್ಪಿಲ್ಲದ ಡಬ್ಬಿ ಬಿಚ್ಚಿದೆ. ಆಗಸ್ಟಿನ ಆ ವಾರ ಡಾಕ್ಟರು ಇನ್ನು ಮಾತ್ರೆಯಿಂದ ಆಗುವುದಿಲ್ಲ, ಮನೆಯವರು ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಡಬೇಕು ಅಂದರು. ತೀರಿಕೊಂಡವರಿಂದ ಸಿಗುವುದಕ್ಕೆ ಕಾಯಬಹುದಲ್ಲ ಅಂತ ಅಪ್ಪ ಕೇಳಿದರು. ಸಾಲು ಬಹಳ ಉದ್ದ ಇದೆ ಅಂತಷ್ಟೇ ಹೇಳಿ ಡಾಕ್ಟರು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತರು.

ಅಪ್ಪ ತಮ್ಮದನ್ನೇ ತೆಗೆದುಕೊಳ್ಳಿ ಅಂದರು. ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ, ಎದೆಯಲ್ಲೊಂದು ಸ್ಟೆಂಟು. ಐದು ನಿಮಿಷದಲ್ಲಿ ಅವರ ಹೆಸರು ಹೊಡೆದುಹಾಕಿದರು. ನಿನಗೆ ಒಡಹುಟ್ಟಿದವರಿಲ್ಲ. ಉಳಿದವಳು ನಾನು. ನನ್ನ ರಕ್ತ ಹೊಂದುತ್ತದೆ ಅಂತ ಗೊತ್ತಾದ ಮೇಲೆ ನನ್ನನ್ನು ಯಾರೂ ಏನೂ ಕೇಳಲೇ ಇಲ್ಲ. ದಾವಣಗೆರೆಯಿಂದ ರತ್ನತ್ತೆ ಫೋನ್ ಮಾಡಿ, ಹೆತ್ತ ಕರುಳು ತಾನೇ ಅತ್ತಿಗೆ, ನಿಮಗೆ ಹೇಳಿಕೊಡಬೇಕಾ ಅಂದರು. ನನ್ನ ಆಫೀಸಿನಲ್ಲಿ ಎಷ್ಟು ದಿನ ರಜೆ ಬೇಕಾಗುತ್ತದೆ ಅಂತ ವಿಚಾರಿಸಿದರು. ಅಪ್ಪ, ಪಾಪ, ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ನನ್ನ ಹೆಸರು ಹೇಳಿ ಕೈಮುಗಿದರು. ನಾನು ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳಿಸಿಕೊಂಡೆ.

ನಿನ್ನ ಅಜ್ಜಿ ಹೇಗೆ ಹೋದಳು ಅಂತ ನೀನು ಕೇಳಿದಾಗೆಲ್ಲ ಜ್ವರ ಬಂದು ಅಂತ ಹೇಳಿದ್ದೇನೆ. ಅದು ಸುಳ್ಳು. ನನಗಾಗ ಇಪ್ಪತ್ತು ವರ್ಷ. ನಮ್ಮೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶದ ಆಪರೇಷನ್ನು, ಒಂದು ಗಂಟೆಯ ಕೆಲಸ ಅಂದಿದ್ದರು. ಒಳಗೆ ಕರೆದುಕೊಂಡು ಹೋಗುವ ಮೊದಲು ಅವಳು ಬಳೆ ಬಿಚ್ಚಿ ನನ್ನ ಕೈಗೆ ಹಾಕಿ, ಸಂಜೆ ವಾಪಸ್ ಕೊಡಬೇಕು, ನಿನ್ನದೇ ಅಂದುಕೊಂಡು ತಿರುಗಬೇಡ ಅಂತ ರೇಗಿಸಿದಳು. ಪ್ರಜ್ಞೆ ತಪ್ಪಿಸಲು ಕೊಟ್ಟ ಔಷಧಿಯಿಂದ ಅವಳು ಏಳಲೇ ಇಲ್ಲ. ಅವತ್ತಿನಿಂದ ಆಪರೇಷನ್ ಅನ್ನುವ ಶಬ್ದ ಕೇಳಿದರೆ ನಾನು ಮಾತು ಬದಲಿಸುತ್ತೇನೆ.

ಇನ್ನೊಂದು. ನಿನ್ನ ಹೆರಿಗೆಯ ಕಥೆ ಅಪ್ಪ ಎಲ್ಲರಿಗೂ ಹೇಳುತ್ತಾರೆ. ಹದಿನೆಂಟು ತಾಸು ನೋವು ತಿಂದರೂ ಸಿಸೇರಿಯನ್ ಬೇಡ ಅಂದ ಗಟ್ಟಿಗಿತ್ತಿ ಉಷಾ ಅಂತ. ಗಟ್ಟಿತನ ಅಲ್ಲ ಅದು. ಡಾಕ್ಟರಮ್ಮನ ಕೋಟು ಹಿಡಿದುಕೊಂಡು, ಕುಯ್ಯಬೇಡಿ, ಕುಯ್ಯಬೇಡಿ ಅಂತ ಅಳುತ್ತಿದ್ದೆ. ಮಗುವಿನ ಎದೆಬಡಿತ ನಿಧಾನವಾಗುತ್ತಿದೆ ಅಂತ ಅವರು ಹೇಳಿದ ಮೇಲೂ ಹಿಡಿದ ಕೋಟು ಬಿಡಲಿಲ್ಲ. ಹೇಗೋ ನೀನೇ ಬಂದೆ. ಬಾರದೇ ಹೋಗಿದ್ದರೆ ಅಂತ ನಾನು ಇಪ್ಪತ್ತೈದು ವರ್ಷ ಯೋಚಿಸಲಿಲ್ಲ. ಈ ಮೂರು ತಿಂಗಳಿಂದ ಅದೇ ಯೋಚನೆ.

ಸೆಪ್ಟೆಂಬರ್ ಮೊದಲ ವಾರ ಧನ್ಯಾ ನನ್ನನ್ನು ಒಬ್ಬಳನ್ನೇ ಒಳಗೆ ಕರೆದರು. ಲಿವರ್ ಕೊಡುವವರ ಜೊತೆ ಮಾತಾಡುವುದೇ ಅವರ ಕೆಲಸವಂತೆ. ಮಂಗಳೂರಿನವರು, ಕನ್ನಡದಲ್ಲೇ ಮಾತಾಡೋಣ ಅಂದರು. ಆಪರೇಷನ್ನಿನ ವಿವರ ಎಲ್ಲ ಹೇಳಿದ ಮೇಲೆ, ನಿಮಗೆ ಇಷ್ಟ ಇಲ್ಲದಿದ್ದರೆ ನನಗೊಂದು ಮಾತು ಹೇಳಿ, ಮನೆಯವರಿಗೆ ನಾವು ವೈದ್ಯಕೀಯ ಕಾರಣಕ್ಕೆ ಆಗುವುದಿಲ್ಲ ಅಂತಷ್ಟೇ ತಿಳಿಸುತ್ತೇವೆ, ನಿಜವಾದ ಕಾರಣ ಯಾರಿಗೂ, ನಿಮ್ಮ ಮಗಳಿಗೂ, ಗೊತ್ತಾಗುವುದಿಲ್ಲ ಅಂದರು. ನಾನು ಛೆ ಛೆ, ಏನು ಮಾತು ಇದು, ನಾನು ತಾಯಿ ಅಂದೆ. ಹೊರಗೆ ಬಂದು ನಿನ್ನ ತಲೆ ಸವರಿದೆ.

ಮುಂದಿನ ವಾರ ನನ್ನ ರಿಪೋರ್ಟು ಬಂತು. ನನ್ನ ಲಿವರಿನಲ್ಲಿ ನೂರಕ್ಕೆ ಹದಿನೆಂಟು ಪಾಲು ಕೊಬ್ಬು. ಹತ್ತಕ್ಕಿಂತ ಕೆಳಗೆ ಬಾರದೆ ತೆಗೆಯುವಂತಿಲ್ಲ. ಎಪ್ಪತ್ತನಾಲ್ಕು ಕಿಲೋ ಇದ್ದೇನೆ, ಏಳೆಂಟು ಕಿಲೋ ಇಳಿಸಬೇಕು, ದಿನಾ ನಡೆಯಬೇಕು, ಸಿಹಿ ಎಣ್ಣೆ ಬಿಡಬೇಕು, ಎಂಟು ವಾರದಲ್ಲಿ ಸಾಧ್ಯ ಅಂದರು ಡಾಕ್ಟರು. ಅಪ್ಪನ ಮುಖ ಬಾಡಿತು. ನೀನು ನನ್ನ ಕೈ ಹಿಡಿದುಕೊಂಡು ಪರವಾಗಿಲ್ಲ ಅಮ್ಮ, ಮಾಡಬಹುದು ಅಂದೆ. ನನಗೆ ಆ ಗಳಿಗೆಯಲ್ಲಿ ಏನಾಯಿತು ಅಂತ ಬರೆಯಲೇಬೇಕು, ಈ ಪತ್ರ ಇರುವುದೇ ಅದಕ್ಕೆ. ನನಗೆ ಸಮಾಧಾನವಾಯಿತು, ಹಂಸಿ. ನಾನು ಬೇಡ ಅನ್ನಬೇಕಾಗಿರಲಿಲ್ಲ. ನನ್ನ ಕೊಬ್ಬೇ ನನ್ನ ಪರವಾಗಿ ಬೇಡ ಅಂದಿತ್ತು.

ಮನೆಗೆ ಬಂದ ಮೇಲೆ ನೀನು ಎರಡು ದಿನ ಕೂತು ಆ ಪಟ್ಟಿ ಮಾಡಿದೆ. ಗೆರೆ ಎಳೆದು, ತಾರೀಖು ಬರೆದು, ಫ್ರಿಜ್ಜಿನ ಮೇಲೆ ಅಂಟಿಸಿದೆ. ನಲವತ್ತೈದು ನಿಮಿಷ ನಡಿಗೆ, ಸಕ್ಕರೆ ಇಲ್ಲ, ಏಳರೊಳಗೆ ರಾತ್ರಿಯೂಟ, ನೀರಿನ ಬಾಟಲಿ ಹಿಡಿದು ಕೈಗೆ ವ್ಯಾಯಾಮ, ಹತ್ತಕ್ಕೆ ನಿದ್ದೆ. ಕೂತಲ್ಲೇ ದಮ್ಮು ಬರುತ್ತಿದ್ದ ನೀನು ನನಗೆ ಪಾಠ ಹೇಳಿದೆ. ಹೊಸ ಅಭ್ಯಾಸವನ್ನು ಒಂಟಿಯಾಗಿ ಬಿಡಬಾರದಂತೆ, ಹಳೆಯ ಅಭ್ಯಾಸವೊಂದರ ಬಾಲಕ್ಕೆ ಕಟ್ಟಬೇಕಂತೆ. ನಿನ್ನ ಮಾತ್ರೆಗಳನ್ನು ನೀನು ಹಲ್ಲುಜ್ಜುವುದಕ್ಕೆ ಕಟ್ಟಿದ್ದೀಯಂತೆ, ಅದಕ್ಕೇ ಆರು ವರ್ಷದಲ್ಲಿ ಒಂದೂ ತಪ್ಪಿಲ್ಲ. ನನಗೆ, ಫಿಲ್ಟರಿಗೆ ಬಿಸಿನೀರು ಹೊಯ್ದ ಕೂಡಲೇ ಶೂ ಹಾಕಿಕೋ ಅಮ್ಮ, ಡಿಕಾಕ್ಷನ್ ಇಳಿಯುವಷ್ಟರಲ್ಲಿ ನೀನು ಬೀದಿಯಲ್ಲಿರಬೇಕು ಅಂದೆ. ಗುರುತು ಹಾಕಲು ಹಸಿರು ಸ್ಕೆಚ್ ಪೆನ್ನು ದಾರದಲ್ಲಿ ಕಟ್ಟಿದೆ.

ಮೊದಲ ಎರಡು ದಿನ ನಡೆದೆ. ಶನಿವಾರ ಮತ್ತು ಭಾನುವಾರ. ಸೋಮವಾರ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತರೆ ಆಗಲೇ ಆರುನೂರು ಗ್ರಾಮು ಇಳಿದಿತ್ತು. ನಿನಗೆ ಎಷ್ಟು ಖುಷಿಯಾಯಿತು! ನನಗೆ ಬೆವರು ಬಂತು. ಹೀಗೇ ಇಳಿದರೆ ನವೆಂಬರಿನಲ್ಲಿ ನನ್ನನ್ನು ಮಲಗಿಸುತ್ತಾರೆ ಅಂತ ಲೆಕ್ಕ ಬಂದುಬಿಟ್ಟಿತು.

ಅವತ್ತು ಶೂ ಹಾಕಿಕೊಂಡು ಹೊರಟವಳು ಲೋಧಿ ಗಾರ್ಡನ್ನಿಗೆ ಹೋಗಲಿಲ್ಲ. ಮಾರ್ಕೆಟ್ಟಿನ ಮೂಲೆಯಲ್ಲಿ ಸಿಹಿತಿಂಡಿ ಮಾಡುವ ಹಲವಾಯಿ ಬಾಣಲೆ ಇಟ್ಟಿದ್ದ. ಕಾಲು ಕಿಲೋ ಜಲೇಬಿ ಕಟ್ಟಿಸಿಕೊಂಡೆ. ನಮ್ಮ ಬ್ಲಾಕಿನ ಹಿಂದಿನ ಪಾರ್ಕಿನಲ್ಲಿ, ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತು ತಿಂದೆ. ನಾಲಿಗೆ ಚಪಲ ಅಂದುಕೊಳ್ಳಬೇಡ. ಮೂರನೆಯದರ ಮೇಲೆ ರುಚಿಯೇ ತಿಳಿಯುತ್ತಿರಲಿಲ್ಲ. ಔಷಧಿ ಕುಡಿದ ಹಾಗೆ ತಿಂದೆ. ನಲವತ್ತೈದು ನಿಮಿಷ ಆದ ಮೇಲೆ ಪಾರ್ಕಿನ ನಲ್ಲಿಯಲ್ಲಿ ಕೈ ತೊಳೆದು, ಹಣೆಗೂ ಕತ್ತಿಗೂ ನೀರು ಚಿಮುಕಿಸಿಕೊಂಡು, ಏದುಸಿರು ಬಿಡುತ್ತಾ ಮನೆಗೆ ಬಂದೆ. ನೀನು ಸೋಫಾದಲ್ಲಿ ಎದ್ದು ಕೂತಿದ್ದೆ. ನನ್ನ ಬೆವರು ನೋಡಿ ಚಪ್ಪಾಳೆ ತಟ್ಟಿದೆ. ನಾನು ಹಸಿರು ಪೆನ್ನು ತೆಗೆದು ಗುರುತು ಹಾಕಿದೆ.

ಹಾಗೆ ಮೂವತ್ತೇಳು ಬೆಳಗು. ಕೆಲವು ದಿನ ಜಲೇಬಿ, ಕೆಲವು ದಿನ ಪೂರಿ, ಏನೂ ಸಿಗದ ದಿನ ಕಿರಾಣಿ ಅಂಗಡಿಯ ಬಿಸ್ಕತ್ತಿನ ಪೊಟ್ಟಣ. ಮನೆಯಲ್ಲಿ ಒಣ ಚಪಾತಿ, ಬೇಯಿಸಿದ ಸೊಪ್ಪು. ಅಪ್ಪ ಊರಿನವರಿಗೆಲ್ಲ ಫೋನ್ ಮಾಡಿ ಉಷಾ ತಪಸ್ಸಿಗೆ ಕೂತ ಹಾಗಿದ್ದಾಳೆ ಅನ್ನುತ್ತಿದ್ದರು. ಸರೋಜಿನಿ ನಗರಕ್ಕೆ ಹೋಗಿ ನನಗೆ ನಡಿಗೆಗೆಂದು ಹತ್ತಿಯ ಕುರ್ತಾ ತಂದರು. ಅದನ್ನು ಹಾಕಿಕೊಂಡೇ ಆ ಬೆಂಚಿನಲ್ಲಿ ಕೂತೆ. ಒಂದು ದಿನ ಅಲ್ಲಿ ಕೂತು ಏನು ಯೋಚನೆ ಬಂತು ಗೊತ್ತೇ? ಡಾಕ್ಟರು ಏನು ಮಾಡಿದರೂ ಇವಳು ಉಳಿಯದೇ ಹೋದರೆ, ನಾನೂ ಯಾಕೆ ಸಾಯಬೇಕು ಅಂತ. ಬಂದ ಯೋಚನೆಯನ್ನು ನಾನು ಓಡಿಸಲಿಲ್ಲ. ಕೂರಿಸಿಕೊಂಡೆ. ಇದಕ್ಕಿಂತ ಕೆಳಗೆ ನನ್ನಲ್ಲಿ ಏನೂ ಇಲ್ಲ ಮಗಳೇ, ಇದೇ ತಳ.

ದೀಪಾವಳಿ ಮುಗಿದು ಎರಡನೇ ದಿನ, ಅಕ್ಟೋಬರ್ ಇಪ್ಪತ್ತೆರಡಕ್ಕೆ, ಆಸ್ಪತ್ರೆಯಲ್ಲಿ ತೂಕ ನೋಡಿದರು. ಎಪ್ಪತ್ತನಾಲ್ಕು ಮುಕ್ಕಾಲು. ಹೊರಟಾಗಿನದಕ್ಕಿಂತ ಜಾಸ್ತಿ. ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ನೀನು ಮಾತಾಡಿದೆ. ಅಮ್ಮ ಒಂದು ದಿನವೂ ತಪ್ಪಿಸಿಲ್ಲ, ಅವರದು ಥೈರಾಯ್ಡ್ ಇರಬೇಕು, ಈ ವಯಸ್ಸಿನಲ್ಲಿ ಹೆಂಗಸರಿಗೆ ಬೇಗ ಇಳಿಯುವುದಿಲ್ಲ ಅಂತ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಉಸಿರು ಸಾಲದೆ ನಿಂತು ನಿಂತು ವಾದ ಮಾಡಿದೆ. ಫೋನಿನಲ್ಲಿ ಆ ಪಟ್ಟಿಯ ಫೋಟೋ ತೋರಿಸಿದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅದು, ಸಾಲಾಗಿ ಹಸಿರು. ಎಂಥ ಮುಗ್ಧೆ ನನ್ನ ಮಗಳು ಅಂದುಕೊಂಡೆ. ಆದರೂ ಬಾಯಿ ತೆರೆಯಲಿಲ್ಲ.

ಮೂರನೇ ದಿನ ಬೆಳಿಗ್ಗೆ ನೀನು ಅಡುಗೆಮನೆಗೆ ಬಂದು ನಲ್ಲಿ ತಿರುಗಿಸಿ ನೀರು ನೋಡುತ್ತಾ ನಿಂತೆ. ಏನು ಬೇಕು ಅಂದರೆ ಬಸ್ಸು ಅಂದೆ. ಕೈ ಚಾಚು ಅಂದರೆ ನಿನ್ನ ಅಂಗೈ ಹಕ್ಕಿಯ ರೆಕ್ಕೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಲಿವರ್ ಸೋತು ವಿಷ ತಲೆಗೇರಿದರೆ ಹೀಗಾಗುತ್ತದೆ ಅಂತ ನಮಗೆ ಮೊದಲೇ ಹೇಳಿದ್ದರು. ಆಂಬುಲೆನ್ಸಿನಲ್ಲಿ ನಿನ್ನ ತಲೆ ನನ್ನ ತೊಡೆಯ ಮೇಲೆ. ನೀನು ದಾರಿಯುದ್ದಕ್ಕೂ ಯಾವುದೋ ಮೆಟ್ರೋ ನಿಲ್ದಾಣಗಳ ಹೆಸರು ಹೇಳುತ್ತಿದ್ದೆ.

ಇದರ ಮುಂದಿನದು ನಿನಗೆ ಗೊತ್ತಿಲ್ಲ. ಐಸಿಯುವಿನಲ್ಲಿ ಮೂರನೇ ದಿನ ಹತ್ತು ನಿಮಿಷಕ್ಕೆ ನನ್ನನ್ನು ಒಳಗೆ ಬಿಟ್ಟರು. ನೀಲಿ ಗೌನು, ತಲೆಗೆ ಟೋಪಿ, ಮೂಗುಬಾಯಿಗೆ ಮಾಸ್ಕು. ನೀನು ಕಣ್ಣು ಬಿಟ್ಟು ನನ್ನನ್ನೇ ನೋಡಿದೆ, ಗುರುತು ಹಿಡಿದ ಹಾಗೆ ಕೈ ಹಿಡಿದುಕೊಂಡೆ. ಆಮೇಲೆ ಹೇಳಿದೆ:

“ಧನ್ಯಾ ಮ್ಯಾಮ್, ಪ್ಲೀಸ್, ಅಮ್ಮನ್ನ ಫೋರ್ಸ್ ಮಾಡಬೇಡಿ. ಉನ್‌ಕೋ ಬಹುತ್ ಡರ್ ಲಗ್ತಾ ಹೈ, ತುಂಬಾ ಹೆದರ್ಕೋತಾರೆ. ನಾನು ಮುಂಚೇನೇ ಹೇಳಿದ್ನಲ್ಲ. ಅಪ್ಪಂಗೆ ಮೆಡಿಕಲ್ ರೀಸನ್ ಅಂತ ಹೇಳಿಬಿಡಿ. ಅಮ್ಮಂಗೆ ನಂಗೆ ಗೊತ್ತು ಅಂತ ಗೊತ್ತಾಗಬಾರದು.”

ನಾನು ಧನ್ಯಾ ಅಲ್ಲ ಅನ್ನಲಿಲ್ಲ. “ಆಯ್ತು,” ಅಂದೆ. ನೀನು ಥ್ಯಾಂಕ್ಯೂ ಅಂದು ಕಣ್ಣು ಮುಚ್ಚಿಕೊಂಡೆ.

ಹೊರಗೆ ಬಂದು ಗೌನು ಬಿಚ್ಚಲು ಹೋದರೆ ದಾರದ ಗಂಟು ಬಿಡಿಸಲಾಗಲಿಲ್ಲ. ನರ್ಸು ಬಂದು ಬಿಚ್ಚಿದಳು. ನಾನು ನೇರವಾಗಿ ಧನ್ಯಾ ಅವರ ಕೋಣೆಗೆ ಹೋಗಿ, ಮೂವತ್ತೇಳು ದಿನದ ಕಥೆಯನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹಂಸಿನಿ ನನಗಿಂತ ಮೊದಲೇ ನಿಮ್ಮ ಹತ್ತಿರ ಬಂದಿದ್ದಳೇ ಅಂತ ಕೇಳಿದೆ. ಅದನ್ನೆಲ್ಲ ನಾನು ಹೇಳುವಂತಿಲ್ಲ ಆಂಟಿ ಅಂದು ಅವರು ಕಿಟಕಿಯ ಕಡೆ ತಿರುಗಿದರು. ಕಣ್ಣೊರೆಸಿಕೊಂಡದ್ದು ಗಾಜಿನಲ್ಲಿ ಕಂಡಿತು.

ಹಾಗಾದರೆ ಆ ಚಪ್ಪಾಳೆ? ಥೈರಾಯ್ಡಿನ ವಾದ? ನನ್ನ ಹಣೆಯ ನೀರು ಬೆವರಲ್ಲ ಅಂತ ನಿನಗೆ ಯಾವತ್ತಿನಿಂದ ಗೊತ್ತಿತ್ತು? ಧೈರ್ಯ ಬಂದರೆ ಬರಲಿ ಅಂತ ಆ ಪಟ್ಟಿಯಲ್ಲಿ ನನಗೊಂದು ದಾರಿಯನ್ನೂ ಗೀಚಿಕೊಟ್ಟೆ, ಬಾರದಿದ್ದರೆ ಅಂತ ಧನ್ಯಾ ಅವರ ಬಾಯಲ್ಲಿ ಹಿಂಬಾಗಿಲನ್ನೂ ತೆರೆದಿಟ್ಟೆ. ಸಾಯುತ್ತಿರುವವಳು ನೀನು. ನನ್ನ ಮಾನ ಕಾಯುತ್ತಾ ಕೂತಿದ್ದೆ.

ಇಲ್ಲಿಂದ ನಾನು ಎದ್ದು ಧೈರ್ಯವಂತೆಯಾದೆ ಅಂತ ಬರೆಯಬಹುದಿತ್ತು. ಆಗಲಿಲ್ಲ. ಹೆದರಿಕೆ ಅಷ್ಟೇ ಇತ್ತು, ಈಗಲೂ ಅಷ್ಟೇ ಇದೆ. ನವೆಂಬರ್ ಒಂದನೇ ತಾರೀಖು ಮನೆಗೆ ಸ್ನಾನಕ್ಕೆಂದು ಬಂದವಳು ಫಿಲ್ಟರಿಗೆ ನೀರು ಹೊಯ್ದೆ, ಶೂ ಹಾಕಿಕೊಂಡೆ. ಹೊರಗೆ ಹೊಗೆ ಕವಿದು ಎದುರಿನ ಬ್ಲಾಕಿನ ಕಮಾನೇ ಕಾಣುತ್ತಿರಲಿಲ್ಲ. ಆ ಗಾಳಿಯಲ್ಲಿ ನಡೆಯಬಾರದು ಅಂತ ಡಾಕ್ಟರು ಹೇಳಿದ್ದರು. ಸರಿ, ಮನೆಯೊಳಗೇ ನಡೆದೆ. ಅಡುಗೆಮನೆಯಿಂದ ಬಾಲ್ಕನಿಗೆ ಇಪ್ಪತ್ತೆರಡು ಹೆಜ್ಜೆ. ಹೋಗುತ್ತಾ ಬರುತ್ತಾ ನಲವತ್ತೈದು ನಿಮಿಷ. ತಲೆ ಸುತ್ತಿ ಎರಡು ಸಲ ಗೋಡೆ ಹಿಡಿದೆ. ಆಮೇಲೆ ಜೋರ್‌ಬಾಗಿನಲ್ಲಿ ಮೆಟ್ರೋ ಹಿಡಿದು ನಿನ್ನ ಹತ್ತಿರ ಬಂದೆ. ಮಾರ್ಕೆಟ್ಟಿನ ರಸ್ತೆ ಬಿಟ್ಟು, ಶಾಲೆಯ ಹಿಂದಿನಿಂದ ಸುತ್ತಿಕೊಂಡು ಹೋದೆ. ಹಲವಾಯಿಯ ಮುಂದೆ ಹಾದು ಬೇಡ ಅನ್ನುವ ಶಕ್ತಿ ನನಗಿಲ್ಲ, ಸುತ್ತಿಕೊಂಡು ಹೋಗಲು ಕಾಲಿದೆ.

ನಿನ್ನನ್ನು ಐಸಿಯುವಿನಿಂದ ವಾರ್ಡಿಗೆ ತಂದ ಮೇಲೆ ಸಂಜೆ ಆರಕ್ಕೆ ಅಲ್ಲೂ ನಡೆಯತೊಡಗಿದೆ. ಐದನೇ ದಿನ ಆಫೀಸಿನಲ್ಲಿ ಯಾರದೋ ಮನೆಯ ಗೃಹಪ್ರವೇಶದ ಸೋನ್‌ಪಾಪಡಿ ಬಂತು. ಆರು ತುಂಡು ತಿಂದೆ, ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು. ತಿಂದಾದ ಮೇಲೆ ಅಲ್ಲೇ ನೆಲದ ಮೇಲೆ ಕೂತು, ಆಯಿತು, ಇನ್ನು ನನ್ನ ಕೈಲಾಗುವುದಿಲ್ಲ, ಧನ್ಯಾಗೆ ಫೋನ್ ಮಾಡಿ ಬೇಡ ಅಂದುಬಿಡೋಣ ಅಂತ ನಂಬರೂ ಒತ್ತಿದೆ. ಗಡಿಯಾರ ನೋಡಿದರೆ ಆರಕ್ಕೆ ಹತ್ತು ನಿಮಿಷ. ಆರಕ್ಕೆ ನಾನು ನಿನ್ನ ವಾರ್ಡಿನ ಮುಂದೆ ನ‌ಡೆಯುವ ಹೊತ್ತು. ಫೋನ್ ಇಟ್ಟು ಬಾಯಿ ತೊಳೆದುಕೊಂಡು ಓಡಿದೆ. ಬಂದು ತಲುಪಿದಾಗ ಏಳಾಗಿತ್ತು, ಆದರೂ ನಡೆದೆ. ಧೈರ್ಯ ಬರಲಿ ಆಮೇಲೆ ಹೊರಡುತ್ತೇನೆ ಅಂದಿದ್ದರೆ ಇಂದಿಗೂ ಆ ಬೆಂಚಿನ ಮೇಲೇ ಇರುತ್ತಿದ್ದೆ. ಕಾಲಿಗೆ ಹೊತ್ತು ಗೊತ್ತಿದ್ದರೆ ಸಾಕಾಗಿತ್ತು.

ಆಮೇಲಿನದು ನೀನೇ ಕಂಡಿದ್ದೀಯ. ಬೆಳಿಗ್ಗೆ ಮನೆಯಲ್ಲಿ, ಸಂಜೆ ನಿನ್ನ ವಾರ್ಡಿನ ಕಾರಿಡಾರಿನಲ್ಲಿ. ಲಿಫ್ಟಿನಿಂದ ಕೊನೆಯ ಬಾಗಿಲಿಗೆ ತೊಂಬತ್ತಾರು ಹೆಜ್ಜೆ. ಐ.ಎನ್.ಎ. ಮಾರ್ಕೆಟ್ಟಿನ ಮಲಯಾಳಿ ಅಂಗಡಿಯಿಂದ ರಾಗಿ ಹಿಟ್ಟು ತಂದು ಬೆಳಿಗ್ಗೆ ಒಂದು ಸಣ್ಣ ಮುದ್ದೆ, ಮಧ್ಯಾಹ್ನ ಬೇಳೆ ಸೊಪ್ಪು, ಆರೂವರೆಗೆ ಎರಡು ಚಪಾತಿ. ಮೂರು ಚಮಚ ಸಕ್ಕರೆಯ ಕಾಫಿ ಒಂದು ಚಮಚಕ್ಕೆ ಬಂತು, ಅರ್ಧಕ್ಕೆ ಬಂತು, ಈಗ ಸಕ್ಕರೆ ಹಾಕಿದರೆ ಬಾಯಿ ಒಗ್ಗುವುದಿಲ್ಲ. ಮೂರನೇ ವಾರದಲ್ಲಿ ಸೀರೆಯ ನೆರಿಗೆ ಒಂದು ಹೆಚ್ಚಾಯಿತು. ನಾನು ನಡೆಯುವಾಗ ನೀನು ಬಾಗಿಲ ಗಾಜಿನ ಆಚೆ ಮಲಗಿಕೊಂಡೇ ಬೆರಳು ಎತ್ತಿ ನನ್ನ ಸುತ್ತು ಎಣಿಸುತ್ತಿದ್ದೆ. ಮೊದಲ ವಾರ ಇಪ್ಪತ್ತನೇ ಸುತ್ತಿನ ತನಕ ಎಚ್ಚರ ಇರುತ್ತಿದ್ದೆ. ಆಮೇಲೆ ಹದಿನಾಲ್ಕಕ್ಕೆ ನಿನ್ನ ಕೈ ಕೆಳಗಿಳಿಯತೊಡಗಿತು. ಈ ವಾರ ಆರಕ್ಕೇ. ನನ್ನ ಸುತ್ತು ಮಾತ್ರ ನಲವತ್ತು, ನಲವತ್ತೈದು, ಐವತ್ತು ಅಂತ ಏರುತ್ತಾ ಹೋಯಿತು. ಆರರ ನಂತರದ ನಲವತ್ತನಾಲ್ಕು ಸುತ್ತು ನಾನು ಹೇಗೆ ನಡೆಯುತ್ತೇನೆ ಅಂತ ನಿನಗೆ ಹೇಗೆ ಹೇಳಲಿ. ಪ್ರತಿ ಸಲ ಬಾಗಿಲ ಹತ್ತಿರ ಬಂದಾಗ ನಿನ್ನ ಹೊದಿಕೆ ಮೇಲೆ ಕೆಳಗೆ ಆಗುತ್ತಿದೆಯೇ ಅಂತ ನೋಡುತ್ತೇನೆ. ಆಗುತ್ತಿದ್ದರೆ ಇನ್ನೊಂದು ಸುತ್ತು.

ಹೋದ ಬುಧವಾರ ಡಾಕ್ಟರು ಅಪ್ಪನನ್ನೂ ನನ್ನನ್ನೂ ಕೂರಿಸಿ ಮಾತಾಡಿದರು. ನಿನ್ನ ಹೊಟ್ಟೆಯಲ್ಲಿ ತುಂಬಿಕೊಂಡ ನೀರಿಗೆ ಸೋಂಕು ತಗುಲಿದೆ, ಅದು ಹತೋಟಿಗೆ ಬಂದರೆ ಮಾತ್ರ ಮುಂದಿನ ಮಾತು, ನವೆಂಬರ್ ಮೊದಲಲ್ಲೇ ಆಪರೇಷನ್ ಆಗಿದ್ದರೆ ಮೈಯಲ್ಲಿ ಇನ್ನೂ ಕಸುವು ಇತ್ತು, ಈಗ ಅಪಾಯ ಬಹಳ ಹೆಚ್ಚು ಅಂದರು. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಕಾಗದ ನೋಡಿಕೊಂಡೇ ಹೇಳಿದರು. ಅಪ್ಪ ನನ್ನ ಬೆನ್ನು ಸವರಿ, ನೀನು ಮಾಡುವುದೆಲ್ಲ ಮಾಡಿದ್ದೀಯ ಉಷಾ ಅಂದರು. ಆ ಕೈಯನ್ನು ತಳ್ಳಬೇಕು ಅನ್ನಿಸಿತು. ನವೆಂಬರ್ ಮೊದಲ ವಾರವನ್ನು ತಿಂದವಳು ನಾನು. ಆ ಬೆಂಚಿನ ಮೇಲೆ ಕೂತು, ಕಾಗದದ ಪೊಟ್ಟಣದಿಂದ, ಒಂದೊಂದಾಗಿ.

ಕ್ಷಮಿಸು ಅಂತ ಕೇಳಲು ಇದನ್ನು ಬರೆಯುತ್ತಿಲ್ಲ. ನಾನು ಕೇಳುವ ಮೊದಲೇ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಆ ಅಭ್ಯಾಸವೇ ನನಗೆ ಭಯ. ಇದನ್ನು ಓದಿ ಸಿಟ್ಟಾಗು. ನನ್ನ ಜೊತೆ ಮಾತು ಬಿಡು. ಬೈಯಲು ಕನ್ನಡ ಸಾಲದಿದ್ದರೆ ಹಿಂದಿಯಲ್ಲಿ ಬೈ. ನನ್ನನ್ನು ಕಾಯುವ ಕೆಲಸ ಮಾತ್ರ ಇನ್ನು ಬಿಟ್ಟುಬಿಡು. ಇದ್ದ ಕಸುವನ್ನು ನಿನಗೋಸ್ಕರ ಇಟ್ಟುಕೋ. ಸೋಂಕು ಇಳಿಯಲಿ. ಊಟದ ಟ್ಯೂಬು ಕೀಳಬೇಡ. ನರ್ಸು ಎದ್ದು ಕೂರಿಸಲು ಬಂದಾಗ ಆಗುವುದಿಲ್ಲ ಅನ್ನಬೇಡ. ಎರಡು ನಿಮಿಷ ಕೂತರೂ ಕೂತದ್ದೇ. ಸೋಮವಾರದ ರಿಪೋರ್ಟು ಹೇಗೇ ಬರಲಿ, ನಾಳೆ ಬೆಳಿಗ್ಗೆ ನಾನು ನಡೆಯುತ್ತೇನೆ, ನಾಡಿದ್ದೂ ನಡೆಯುತ್ತೇನೆ. ನೀನು ಉಸಿರಾಡುತ್ತಿರು.

ಬಕೆಟ್ಟಿನ ಬಟ್ಟೆ ಹಿಂಡಿ ಹಾಕಿ ಹೊರಡುತ್ತೇನೆ. ಆರಕ್ಕೆ ಅಲ್ಲಿರಬೇಕು.

ನಿನ್ನ ಹೆದರುಪುಕ್ಕಲಿ ಅಮ್ಮ,
ಉಷಾ

ತಾ.ಕ. (ಬುಧವಾರ, ೧೭ ಡಿಸೆಂಬರ್, ಸಂಜೆ)

ಪತ್ರವನ್ನು ನಾಲ್ಕು ದಿನ ಚೀಲದಲ್ಲಿಟ್ಟುಕೊಂಡು ತಿರುಗಿದೆ. ರಿಪೋರ್ಟು ಬಂದಿದೆ. ಕೊಬ್ಬು ಏಳು ಪಾಲು. ತೂಕ ಅರವತ್ತೇಳು. ನಿನ್ನ ಸೋಂಕೂ ಇಳಿದಿದೆ, ಶುಕ್ರವಾರ ಬೆಳಿಗ್ಗೆ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋಗುತ್ತಾರೆ. ಡಾಕ್ಟರು ಇದಕ್ಕಿಂತ ಹೆಚ್ಚು ಮಾತು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಇವತ್ತು ಆಸ್ಪತ್ರೆಯ ಕಮಿಟಿಯ ಮುಂದೆ ಕೂರಿಸಿದರು. ಒಂದು ಮೇಜು, ಐದು ಜನ, ಒಂದು ಕ್ಯಾಮೆರಾ. ಲಿವರ್ ಕೊಡುವವರು ಯಾರ ಒತ್ತಾಯವೂ ಇಲ್ಲದೆ ಕೊಡುತ್ತಿದ್ದಾರೆ ಅಂತ ಅವರಿಗೆ ಖಾತ್ರಿಯಾಗಬೇಕಂತೆ. ಸ್ವಂತ ಇಚ್ಛೆಯಿಂದ ಕೊಡುತ್ತಿದ್ದೀರಾ ಅಂತ ಹಿಂದಿಯಲ್ಲಿ ಕೇಳಿದರು. ಎಲ್ಲರೂ ಹೌದು ಅಂದು ಎದ್ದು ಬರುತ್ತಾರಂತೆ. ನಾನು, ನನಗೆ ಬಹಳ ಹೆದರಿಕೆ ಇದೆ, ಒಂದು ಸಲ ಓಡಿಹೋಗಿದ್ದೆ, ಆದರೂ ಕೊಡುತ್ತೇನೆ ಅಂದೆ. ಕನ್ನಡದಲ್ಲಿ ಬಂದುಬಿಟ್ಟಿತು. ಧನ್ಯಾ ಹಿಂದಿಯಲ್ಲಿ ಹೇಳಿದರು. ಅಪ್ಪ ಪಕ್ಕದಲ್ಲೇ ಇದ್ದರು, ಎಲ್ಲ ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ ಅವರು ನನ್ನ ಚೀಲ ತಾವೇ ಹೊತ್ತುಕೊಂಡರು. ನಾಳೆ ಬೆಳಿಗ್ಗೆ ಈ ಪತ್ರವನ್ನು ನಿನಗೆ ಓದಿ ಹೇಳುವವರು ಅವರೇ, ನಿನ್ನ ಕಣ್ಣಿಗೆ ಈಗ ಅಕ್ಷರ ನಿಲ್ಲುವುದಿಲ್ಲವಲ್ಲ. ಈಗ ಅವರ ಕೈಗೇ ಕೊಡುತ್ತಿದ್ದೇನೆ.

ನನಗೆ ಎಚ್ಚರವಾಗದಿದ್ದರೆ, ನನ್ನನ್ನು ತ್ಯಾಗಮಯಿ ಅನ್ನಲು ರತ್ನತ್ತೆಯನ್ನು ಬಿಡಬೇಡ. ಕಮಿಟಿಯವರು ಕಾಗದದಲ್ಲಿ ಒಪ್ಪಿಗೆ ಇದೆ ಅಂತ ಮಾತ್ರ ಬರೆದುಕೊಂಡಿದ್ದಾರೆ. ಹೆದರಿ ಓಡಿಹೋಗಿದ್ದೆ ಅನ್ನುವ ಉಳಿದ ಅರ್ಧ ನಿನ್ನ ಹತ್ತಿರ ಇರಲಿ.